ದೀಪದ ಸಾಕ್ಷ್ಯ

ಕುಲುಮೆಯ ಮುಂದೆ ಕುಳಿತ ಕಮ್ಮಾರನು ಕಾದ ಕಬ್ಬಿಣದ ಬಣ್ಣವನ್ನು ಕಂಡೇ ಅದರ ಹದವನ್ನು ಅರಿಯುತ್ತಾನೆ. ಮುಟ್ಟಲಾಗದ ಬಿಸಿಯನ್ನು ಕಣ್ಣಿನಿಂದಲೇ ಅಳೆಯುವ ಈ ವಿದ್ಯೆಗೆ ಗಣಿತದ ಅಡಿಪಾಯ ದೊರೆತದ್ದು 1900ರಲ್ಲಿ. ಕಾದ ವಸ್ತು ಯಾವ ಉಷ್ಣತೆಯಲ್ಲಿ ಯಾವ ಬಣ್ಣದ ಬೆಳಕನ್ನು ಎಷ್ಟು ಚೆಲ್ಲುವುದೆಂಬುದಕ್ಕೆ ಜರ್ಮನಿಯ ಮ್ಯಾಕ್ಸ್ ಪ್ಲಾಂಕರು ಅಂದು ಸೂತ್ರವನ್ನು ಕೊಟ್ಟರು.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಒಮೆಗಾ ಎಂಬ ಲೇಸರ್ ಯಂತ್ರವುಂಟು. ಅದರ ಕಿರಣಗಳು 60. ಅವುಗಳಲ್ಲಿ ಕೆಲವನ್ನು ಸಣ್ಣದೊಂದು ಬಿಲ್ಲೆಯ ಮೇಲೆ ಹಾಯಿಸಿದರೆ ಮೇಲ್ಪದರವು ಆವಿಯಾಗಿ ಸಿಡಿಯುತ್ತದೆ. ಆ ಸಿಡಿತದ ಒತ್ತಿಗೆ ಆಘಾತ ತರಂಗವೊಂದು ಒಳನುಗ್ಗುತ್ತದೆ. ಅದರ ಆಯುಸ್ಸು ಕೆಲವೇ ನ್ಯಾನೋ ಸೆಕೆಂಡು. ಅಂಥ ಒಂದು ನ್ಯಾನೋ ಸೆಕೆಂಡಿನಲ್ಲಿ ಬೆಳಕು ಕೂಡ ಒಂದಡಿಗಿಂತ ಹೆಚ್ಚು ನಡೆಯಲಾರದು! ಅಷ್ಟರೊಳಗೆ ಹೊಮ್ಮಿದ ಹೊಳಪನ್ನು ಸ್ಟ್ರೀಕ್ ಕ್ಯಾಮರಾ ಇಲೆಕ್ಟ್ರಾನುಗಳಾಗಿ ಮಾರ್ಪಡಿಸಿ, ಕಾಲಕ್ರಮದಲ್ಲಿ ಪರದೆಯ ಮೇಲೆ ಹರಡಿಡುತ್ತದೆ.

ಆದರೆ ಪರದೆಯ ಮೇಲಿನ ಹೊಳಪು ಉಷ್ಣತೆಯಲ್ಲ. ದಾರಿಯ ಮಸೂರ, ಕನ್ನಡಿ, ಶೋಧಕಗಳು ಬೆಳಕಿನಲ್ಲಿ ತಮ್ಮ ತಮ್ಮ ಸುಂಕವನ್ನು ಮುರಿದುಕೊಂಡಿರುತ್ತವೆ. ಅದಕ್ಕಾಗಿ ಉಪಕರಣವನ್ನು ಮೊದಲು ಒರೆಗೆ ಹಚ್ಚಬೇಕು. ಬಿಲ್ಲೆಯಿರುವ ಜಾಗದಲ್ಲಿ ಟಂಗ್‌ಸ್ಟನ್ ತಂತಿಯ ದೀಪವೊಂದನ್ನು ಇಡುತ್ತಾರೆ. ಅದರ ಬೆಳಕಿನ ಪ್ರಮಾಣ ಮೊದಲೇ ಗೊತ್ತು. ರಾಷ್ಟ್ರೀಯ ಮಾಪನ ಸಂಸ್ಥೆಯ ಆದರ್ಶಕ್ಕೆ ಅದು ತಾಳೆಯಾದದ್ದು. ಶಬ್ದಾರ್ಥಕ್ಕೆ ನಿಘಂಟನ್ನೂ, ನಿಘಂಟಿಗೆ ಪ್ರಯೋಗವನ್ನೂ ಪ್ರಮಾಣವೆನ್ನುವ ನಮ್ಮಂಥ ಅಧ್ಯಾಪಕರಿಗೆ ಈ ಏರ್ಪಾಡು ಹೊಸದೇನೂ ಅಲ್ಲ.

ತೊಡಕಿರುವುದು ದೀಪದಲ್ಲೇ. ಟಂಗ್‌ಸ್ಟನ್ 3695 ಕೆಲ್ವಿನ್ನಿನಲ್ಲಿ ಕರಗಿಹೋಗುತ್ತದೆ. ದೀಪವು ಅದಕ್ಕಿಂತ ಕೆಳಗೇ ಉರಿಯಬೇಕು. ಆಘಾತ ತರಂಗವೋ ಹತ್ತಾರು ಸಾವಿರ ಕೆಲ್ವಿನ್ನಿಗೆ ಏರಬಲ್ಲದು. ಬಡವನ ಸಾಕ್ಷ್ಯದಿಂದ ಸಿರಿವಂತನ ಲೆಕ್ಕವನ್ನು ಪರೀಕ್ಷಿಸಿದಂತೆ! ನ್ಯಾನೋ ಸೆಕೆಂಡಿನ ಇಣುಕಿನಲ್ಲಿ ದೀಪದಿಂದ ಬರುವ ಬೆಳಕೂ ಅತ್ಯಲ್ಪ; ಹಲವು ಬಾರಿ ನೋಡಿ ಸರಾಸರಿ ತೆಗೆಯಬೇಕು. ಜೊತೆಗೆ ತರಂಗದ ಮುಖ ಎಷ್ಟು ಬೆಳಕನ್ನು ಪ್ರತಿಫಲಿಸುವುದೆಂಬುದನ್ನು ಬೇರೊಂದು ಲೇಸರಿನಿಂದ ಅಳೆಯಬೇಕು. ಪ್ರತಿಫಲನ ಹೆಚ್ಚಿದಷ್ಟೂ ಅದು ಹೊಮ್ಮಿಸುವ ಬೆಳಕು ಕಡಮೆ.

ಇಷ್ಟೆಲ್ಲ ಏತಕ್ಕೆಂದರೆ, 2018ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಬಹುದು. ನೀರನ್ನು ವಜ್ರಗಳ ನಡುವೆ ಅದುಮಿ, ಅದರೊಳಗೆ ಲೇಸರಿನ ಆಘಾತವನ್ನು ಹರಿಸಿದಾಗ, ವಿಚಿತ್ರವಾದೊಂದು ಮಂಜುಗಡ್ಡೆಯ ಸುಳಿವು ದೊರೆಯಿತು. ಅದರಲ್ಲಿ ಆಮ್ಲಜನಕ ಸ್ಥಾನ ಬಿಟ್ಟು ಕದಲದು. ಜಲಜನಕವು ದ್ರವದಂತೆ ಹರಿದಾಡುವುದು. ಯುರೇನಸ್, ನೆಪ್ಚೂನ್ ಗ್ರಹಗಳ ಗರ್ಭದಲ್ಲಿ ಇಂಥದೇ ಇರಬಹುದೆಂದು ಊಹೆ. ಸುಮಾರು 19 ಲಕ್ಷ ವಾಯುಭಾರದ ಒತ್ತಡದಲ್ಲಿ ಅದು ಕರಗಿದ್ದು 5000 ಕೆಲ್ವಿನ್ನಿನ ಸಮೀಪದಲ್ಲಿ. ಈ ಅಂಕಿಯ ಹಿಂದೆಯೂ ಇಂಥದೇ ಬೆಳಕಿನ ಅಳತೆಯುಂಟು.

ಬೆಳಕಿನ ಅಳತೆಯಲ್ಲಿ ನೂರಕ್ಕೆ 10 ತಪ್ಪಿದರೆ, ಕೆಂಪು ಬೆಳಕಿನಲ್ಲಿ ನೋಡುವಾಗ, 5000 ಕೆಲ್ವಿನ್ನಿಗೆ ಬರುವ ವ್ಯತ್ಯಾಸ ಸುಮಾರು 120 ಮಾತ್ರ; ಅಲ್ಲಿ ಪ್ಲಾಂಕರ ಸೂತ್ರ ಉದಾರಿ. ಅದೇ ತಪ್ಪು 50,000 ಕೆಲ್ವಿನ್ನಿನಲ್ಲಿ ಸುಮಾರು 4000 ಕೆಲ್ವಿನ್ ಆಗುತ್ತದೆ. ನಮ್ಮ ಕಮ್ಮಾರನ ಕಬ್ಬಿಣ ಕರಗುವುದು 1811ರಲ್ಲಿ.