ಕಾವೇರಿಯ ನೀರೂ ಗೋಡೂ

ಕೊಡಗಿನ ಬ್ರಹ್ಮಗಿರಿಯಲ್ಲಿ 4000 ಅಡಿಗಳಿಗೂ ಮೇಲೆ ಹುಟ್ಟುವ ಕಾವೇರಿಗೆ ಅರಬ್ಬೀ ಸಮುದ್ರವೇ ಹತ್ತಿರ. ಆದರೂ ಅದು ಪೂರ್ವಕ್ಕೆ ತಿರುಗಿ, ಸುಮಾರು 500 ಮೈಲಿ ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಈ ದೂರದ ನಡಿಗೆಯು ಬೇಸಾಯಗಾರನ ಭಾಗ್ಯವೆನ್ನಬೇಕು. ಅವನಿಗೆ ನದಿಯು ತರುವುದು ನೀರೊಂದನ್ನೇ ಅಲ್ಲ. ಮಲೆಗಳ ಮೇಲ್ಮಣ್ಣನ್ನೂ ಗೋಡಾಗಿ ಹೊತ್ತು ತರುತ್ತದೆ.

ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಮೇಲೆಯೇ ಕೂಡುತ್ತವೆ. ಕಪಿಲೆಯು ತಿರುಮಕೂಡಲಿನಲ್ಲಿ ಸೇರುತ್ತದೆ. ಈ ನಾಡಿನಲ್ಲಿ ಹಿಂದಿನವರು ಕಟ್ಟಿದುವು ತಗ್ಗಾದ ಕಲ್ಲಿನ ಅಣೆಗಳು. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಯೂ, ಶ್ರೀರಂಗಪಟ್ಟಣದ ಪ್ರಾಂತದ ಚಿಕ್ಕದೇವರಾಜಸಾಗರ, ವಿರಿಜಾ ನಾಲೆಗಳ ಅಣೆಗಳೂ ಈ ಬಗೆಯವು. ಮುಂಗಾರಿನ ಕೆಂಪು ಪ್ರವಾಹವು ಅವುಗಳ ತಲೆಯ ಮೇಲೆಯೇ ಹಾದುಹೋಗುತ್ತಿದ್ದಿತು. ನಾಲೆಗೆ ತಿರುಗಿದ ನೀರಿನೊಡನೆ ಗೋಡೂ ಗದ್ದೆಗೆ ಇಳಿಯುತ್ತಿದ್ದಿತು. ನಾಲೆಯ ಹೂಳನ್ನು ಎತ್ತುವ ಕಷ್ಟವೂ ಅದರೊಡನೆ ಇದ್ದಿತೆಂಬುದನ್ನು ಮರೆಯಲಾಗದು.

1911ರಲ್ಲಿ ಕೆಲಸವು ಮೊದಲಾದ ಕೃಷ್ಣರಾಜಸಾಗರವೂ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೂ ಬೇರೆ ಬಗೆಯವು. ಇವುಗಳಿಂದ ಬಂದ ಲಾಭವು ಸಾಮಾನ್ಯವಾದುದಲ್ಲ. ಮಂಡ್ಯದ ಬೆದ್ದಲು ಭೂಮಿಯು ತರಿಯಾಗಿ, ರಾಗಿ ಹುರುಳಿಗಳು ಬೆಳೆಯುತ್ತಿದ್ದೆಡೆ ಬತ್ತವೂ ಕಬ್ಬೂ ಬಂದುವು. ಆದರೆ ನಿಂತ ನೀರಿನಲ್ಲಿ ಗೋಡು ತಳಕ್ಕಿಳಿಯುತ್ತದೆ. ತೂಬಿನಿಂದ ಹೊರಡುವ ನೀರು ಬಹುಮಟ್ಟಿಗೆ ತಿಳಿಯಾದುದು. ನದಿಯು ಪುಕ್ಕಟೆಯಾಗಿ ಕೊಡುತ್ತಿದ್ದ ಈ ಸಾರವನ್ನು ಅಚ್ಚುಕಟ್ಟಿನ ರೈತನು ಹೊಂಗೆಯ ಸೊಪ್ಪು, ಅಪ್ಸೆಣಬು, ಕೆರೆಗೋಡು, ಕೊಟ್ಟಿಗೆಗೊಬ್ಬರಗಳಿಂದ ತಾನೇ ತುಂಬಿಕೊಳ್ಳಬೇಕಾಗಿದೆ.

ಕೆಳಗಣ ತಂಜಾವೂರಿನ ಸೀಮೆಯಲ್ಲಿ ಈ ಕೊರತೆಯು ಇನ್ನೂ ದೊಡ್ಡದು. ಆ ನೆಲವೇ ಕಾವೇರಿಯ ಗೋಡಿನಿಂದ ಆದುದು. ತಿರುಚಿನಾಪಳ್ಳಿಯ ಪಶ್ಚಿಮಕ್ಕೆ ಮುಕ್ಕೊಂಬಿನಲ್ಲಿ ನದಿಯು ಇಬ್ಭಾಗವಾಗಿ, ಉತ್ತರದ ಕವಲು ಕೊಳ್ಳಿಡವೆನಿಸುತ್ತದೆ. ದಕ್ಷಿಣದ ಕವಲಿನಿಂದ, ಕರಿಕಾಲ ಚೋಳನು ಕಟ್ಟಿಸಿದನೆನ್ನುವ ಕಲ್ಲಣೆಯ ಮೂಲಕ, ಗದ್ದೆಬಯಲಿಗೆ ನೀರು ಹಂಚಿಹೋಗುತ್ತದೆ. ಮೇಲಿನಿಂದ ಹೊಸ ಗೋಡು ಬರುವುದು ಬಹಳವಾಗಿ ಕಡಮೆಯಾದುದರಿಂದ ಕಡಲು ಕೊರೆದ ದಡವನ್ನು ತುಂಬಿಕೊಡುವ ಮಣ್ಣು ಸಾಲದಾಗಿದೆ. ಕರಾವಳಿಯ ಬಾವಿಗಳಿಗೆ ಉಪ್ಪುನೀರು ನುಗ್ಗುವುದಕ್ಕೆ ನದಿಯ ಹರಿವು ಕ್ಷೀಣಿಸಿದುದೂ, ಅಂತರ್ಜಲವನ್ನು ಮಿತಿಮೀರಿ ಎತ್ತಿದುದೂ ಕಾರಣಗಳು.

2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ನದಿಯ 740 ಟಿ.ಎಂ.ಸಿ. ನೀರನ್ನು ಹಂಚಿದಾಗ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಎಂದು ಗೊತ್ತಾಯಿತು. ಅನಿವಾರ್ಯವಾಗಿ ಸಮುದ್ರಕ್ಕೆ ಹರಿದುಹೋಗುವುದೆಂದು ಎಣಿಸಿದುದು 4 ಮಾತ್ರ. ಘನ ಅಡಿಗಳ ಈ ಲೆಕ್ಕದಲ್ಲಿ ಗೋಡಿಗೆ ಸ್ಥಳವಿಲ್ಲ. ಪ್ರವಾಹದ ಹೆಚ್ಚಿನ ನೀರು ಕೊಳ್ಳಿಡದ ಮಾರ್ಗವಾಗಿ ಹೋಗುತ್ತದೆ. ಪೂಂಪುಹಾರಿನಲ್ಲಿ ಕಾವೇರಿಯೆಂಬ ಹೆಸರಿನಿಂದಲೇ ಕಡಲನ್ನು ಸೇರುವುದು ಒಂದು ಕಿರಿಯ ಕವಲು.