ತೂಕ ಆಮೇಲೆ, ಮೊದಲು ಎತ್ತರ ಕೇಳಿ

ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಎಲೆಕ್ಟ್ರಿಕ್ ಪಿಕಪ್ ಟ್ರಕ್ 2022ರಲ್ಲಿ ಅಮೆರಿಕದ ರಸ್ತೆಗಿಳಿದಾಗ ಎಲ್ಲರ ಬಾಯಲ್ಲೂ ಒಂದೇ ಅಂಕಿ: 10,000 ಪೌಂಡ್. ದೊಡ್ಡ ಬ್ಯಾಟರಿ, ಸರಿಯಾದ ಪ್ಯಾಕೇಜ್ ತಗೊಂಡರೆ ನಾಲ್ಕೂವರೆ ಟನ್ನಿನ ಟ್ರೇಲರ್ ಎಳೆಯುತ್ತದೆ ಅಂತ. ರಿವಿಯನ್ ಆರ್‌1ಟಿ, ಟೆಸ್ಲಾ ಸೈಬರ್‌ಟ್ರಕ್‌ಗಳದ್ದು ಇನ್ನೂ ಹೆಚ್ಚು, 11,000. ಎಳೆಯುತ್ತವೆ, ಅನುಮಾನವಿಲ್ಲ. ಎಷ್ಟು ದೂರ ಎಳೆಯುತ್ತವೆ ಎಂಬುದಕ್ಕೆ ಮಾತ್ರ ಆ ಅಂಕಿಯಲ್ಲಿ ಉತ್ತರವಿಲ್ಲ.

ಇದು ನಮ್ಮ ಮನೆಯ ಪ್ರಶ್ನೆಯಾದದ್ದು ಅಜ್ಜಿಯಿಂದ. ನಾನು ಡೆನ್ವರ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ, ಕಾಕಾನ ಮನೆಯೂ ಇದೇ ಊರಲ್ಲಿ. ಧಾರವಾಡದಿಂದ ಅಜ್ಜಿ ಆರು ತಿಂಗಳ ಮಟ್ಟಿಗೆ ಬಂದಿದ್ದಾಳೆ. 74 ವರ್ಷ, ಮೊಣಕಾಲು ನೋವು. ಇನ್ನೊಮ್ಮೆ ಇಷ್ಟು ದೂರ ಬರುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯೂಟಾ ರಾಜ್ಯದ ಮೋಆಬ್ ಹತ್ತಿರದ ಆರ್ಚಸ್ ರಾಷ್ಟ್ರೀಯ ಉದ್ಯಾನದ ಕಲ್ಲಿನ ಕಮಾನುಗಳನ್ನು ಅವಳಿಗೆ ತೋರಿಸಬೇಕೆಂದು ಕಾಕಾನ ಆಸೆ. ಸುಮಾರು 570 ಕಿ.ಮೀ. ಲೈಟ್ನಿಂಗ್ ಮನೆಯಲ್ಲೇ ಇದೆ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ಕ್ಯಾಂಪಿಂಗ್ ಟ್ರೇಲರ್ ಒಂದನ್ನು ಹಿಂದೆ ಕಟ್ಟಿದರೆ ಅಜ್ಜಿಗೆ ಅನುಕೂಲ. ಯಾವ ಟ್ರೇಲರ್?

ಕೊಳ್ಳುವ ಮೊದಲು ಕಾಕಾ ಬೇರೆ ಬೇರೆ ವಾರಾಂತ್ಯದಲ್ಲಿ ಎರಡನ್ನು ಬಾಡಿಗೆಗೆ ತಂದರು. ಒಂದು, ಲಾರಿಯಷ್ಟು ಎತ್ತರದ ಪೆಟ್ಟಿಗೆಯಂಥದ್ದು, ಎರಡು ಟನ್. ಇನ್ನೊಂದು ಟಿಯರ್‌ಡ್ರಾಪ್, ಅಂದರೆ ಕಣ್ಣೀರ ಹನಿಯ ಆಕಾರದ ಪುಟ್ಟದ್ದು, ಒಂದು ಟನ್. ಲೆಕ್ಕ ಬರೆಯುವ ಕೆಲಸ ನನ್ನದು. ಕಿಲೋವ್ಯಾಟ್ ಅವರ್ ಎಂದರೆ ನಮ್ಮ ಹೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ದೊಡ್ಡ ಬ್ಯಾಟರಿಯ ಲೈಟ್ನಿಂಗ್‌ನಲ್ಲಿ 131 ಯೂನಿಟ್ ಹಿಡಿಯುತ್ತದೆ. ಬರಿ ಟ್ರಕ್ ಆದರೆ ಯೂನಿಟ್‌ಗೆ ಹೆಚ್ಚುಕಡಿಮೆ 4 ಕಿ.ಮೀ. ಹನಿಯಾಕಾರದ್ದನ್ನು ಕಟ್ಟಿದಾಗ 2.8 ಸಿಕ್ಕಿತು. ಪೆಟ್ಟಿಗೆ ಕಟ್ಟಿದಾಗ 1.9, ಅಂದರೆ ಅರ್ಧಕ್ಕಿಂತ ಕಡಿಮೆ!

ಒಂದು ಟನ್ ಹೆಚ್ಚು ಭಾರವಿದ್ದುದಕ್ಕೇ ಇಷ್ಟು ವ್ಯತ್ಯಾಸವೇ? ಪಿಯುಸಿಯ ಭೌತಶಾಸ್ತ್ರ ನೆನಪಿಸಿಕೊಳ್ಳಿ. ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿದೆ. ಮೋಆಬ್ ದಾರಿಯ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಒಂದು ಟನ್ನನ್ನು ಆ 1,800 ಮೀಟರ್ ಮೇಲೆತ್ತಲು, ಮೋಟಾರಿನ ನಷ್ಟ ಬಿಟ್ಟು, ಬೇಕಾಗುವುದು ಬರಿ 5 ಯೂನಿಟ್. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರಲ್ಲೂ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಟೈರಿನ ಉಜ್ಜಾಟಕ್ಕೆ ಇಡೀ ದಾರಿಯಲ್ಲಿ ಇನ್ನೊಂದು 15 ಯೂನಿಟ್ ಇಟ್ಟುಕೊಳ್ಳಿ. ಆದರೆ ನಮ್ಮ ಲೆಕ್ಕದಲ್ಲಿ 570 ಕಿ.ಮೀ.ಗೆ ಪೆಟ್ಟಿಗೆ ಬೇಡುವುದು 300 ಯೂನಿಟ್, ಹನಿ ಬೇಡುವುದು 204. ಉಳಿದ 75ರಷ್ಟನ್ನು ನುಂಗುವುದು ಮುಖ್ಯವಾಗಿ ಗಾಳಿ.

ಬೈಕ್ ಹಿಂದೆ ಕೂತವರು ಮಳೆಯಲ್ಲಿ ಛತ್ರಿ ಬಿಚ್ಚಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಛತ್ರಿಯ ತೂಕ ಎಷ್ಟಿದ್ದೀತು? ಲೈಟ್ನಿಂಗ್‌ನ ಎತ್ತರ ಸುಮಾರು ಎರಡು ಮೀಟರ್. ಅದಕ್ಕಿಂತ ತಗ್ಗಾದ ಟ್ರೇಲರ್ ಟ್ರಕ್ಕಿನ ಮರೆಯಲ್ಲಿ ಅಡಗಿ ಬರುತ್ತದೆ. ಮೂರು ಮೀಟರಿನ ಪೆಟ್ಟಿಗೆಯಾದರೆ ಟ್ರಕ್ಕಿನ ತಲೆಯ ಮೇಲೊಂದು ಗೋಡೆ ಎದ್ದಂತೆ. ಜೊತೆಗೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 105 ಕಿ.ಮೀ. ಬದಲು 88ರಲ್ಲಿ ಹೋದರೆ ಗಾಳಿಯ ಖರ್ಚು ಪ್ರತಿ ಕಿಲೋಮೀಟರಿಗೆ ಶೇ 30ರಷ್ಟು ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ 55 ಮೈಲಿ, ಅಂದರೆ ಈ 88 ಕಿ.ಮೀ.ಯೇ ಕಾನೂನಿನ ಮಿತಿ. ಎಲೆಕ್ಟ್ರಿಕ್ ಟ್ರಕ್ಕಿನವರು ಎಲ್ಲ ಕಡೆಯೂ ಅದನ್ನು ಪಾಲಿಸುವುದು ಒಳ್ಳೆಯದು, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಚಾರ್ಜಿಂಗ್ ನಿಲುಗಡೆಗಳ ಲೆಕ್ಕ ಇನ್ನೂ ಮುಖ್ಯ. ದಾರಿಯಲ್ಲಿ ಶೇ 10ರಿಂದ 80ರವರೆಗೆ ಮಾತ್ರ ತುಂಬಿಸುವುದು ರೂಢಿ, ಆಮೇಲೆ ಚಾರ್ಜಿಂಗ್ ನಿಧಾನವಾಗುತ್ತದೆ. ಹನಿಗೆ ಒಂದು ನಿಲುಗಡೆ ಸಾಕು. ಪೆಟ್ಟಿಗೆಗೆ ಎರಡು, ಧೈರ್ಯ ಸಾಲದವರಿಗೆ ಮೂರು. ಒಂದೊಂದಕ್ಕೂ ಮುಕ್ಕಾಲು ಗಂಟೆ. ಬಹುತೇಕ ಚಾರ್ಜಿಂಗ್ ಜಾಗಗಳು ಕಾರಿಗೆ ತಕ್ಕಂತೆ ಕಟ್ಟಿದವು. ಪೆಟ್ರೋಲ್ ಬಂಕಿನ ಹಾಗೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಬೀಳುವಂತಿಲ್ಲ. ಟ್ರೇಲರ್ ಬಿಚ್ಚಿ ಪಕ್ಕಕ್ಕಿಟ್ಟು, ಚಾರ್ಜ್ ಮಾಡಿ, ಮತ್ತೆ ಕೊಂಡಿ ಹಾಕಬೇಕು. ಎರಡು ಟನ್ನಿನದನ್ನು ಹೀಗೆ ಮೂರು ಸಲ ಬಿಚ್ಚಿ ಕಟ್ಟುವ ಹೊತ್ತಿಗೆ ಪ್ರವಾಸದ ಉತ್ಸಾಹ ಬತ್ತಿರುತ್ತದೆ.

ಹಾಗಾದರೆ ಹನಿಯೇ ಸರಿ ಅಂದುಕೊಂಡೆವು. ಅಜ್ಜಿ ಬಾಗಿಲಲ್ಲಿ ಇಣುಕಿ ನೋಡಿ, ‘ಇದರಾಗ ನಾ ಹೆಂಗ ಬಗ್ಗಿ ಹೋಗ್ಲೋ ತಮ್ಮಾ, ಕೋಳಿಗೂಡು ಇದ್ದಂಗ ಐತಿ’ ಅಂದಳು. ನಿಲ್ಲಲು ಎತ್ತರವಿಲ್ಲ, ಕಕ್ಕಸೂ ಇಲ್ಲ. ಟ್ರಕ್ಕಿಗೆ ಒಪ್ಪಿದ್ದು ಮೊಣಕಾಲಿಗೆ ಒಪ್ಪಲಿಲ್ಲ.

ಈ ಇಕ್ಕಟ್ಟಿಗೆ ಹೊಸ ಕಂಪನಿಗಳು ಉತ್ತರ ಹುಡುಕುತ್ತಿವೆ. ಲೈಟ್‌ಶಿಪ್ ಎಂಬ ಕಂಪನಿ 2023ರಲ್ಲಿ ತೋರಿಸಿದ ಟ್ರೇಲರ್‌ನ ಮೇಲರ್ಧ ರಸ್ತೆಯಲ್ಲಿ ಕೆಳಗಿಳಿದು ಕೂರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ, ಮೋಟಾರು ಇದ್ದು ತನ್ನ ಭಾರವನ್ನು ತಾನೇ ತಳ್ಳಿಕೊಳ್ಳುತ್ತದೆ. ಆಗ ಹೇಳಿದ ಬೆಲೆ ಒಂದೂಕಾಲು ಲಕ್ಷ ಡಾಲರ್! ಕಾಕಾ ನಕ್ಕು ಪುಟ ತಿರುವಿದರು. ಮಡಚುವ ಟ್ರೇಲರ್ ಹೊಸ ವಿಚಾರವೇನಲ್ಲ. ಟ್ರೇಲ್‌ಮ್ಯಾನರ್ ಎಂಬ ಕಂಪನಿ ಎಷ್ಟೋ ವರ್ಷದಿಂದ ಗಟ್ಟಿ ಗೋಡೆಯ, ಕಕ್ಕಸಿರುವ, ರಸ್ತೆಯಲ್ಲಿ ಅರ್ಧಕ್ಕೆ ಮಡಚಿಕೊಳ್ಳುವ ಟ್ರೇಲರ್ ಮಾಡಿಕೊಂಡು ಬಂದಿದೆ. ಸೆಕೆಂಡ್ ಹ್ಯಾಂಡ್ ಒಂದು ಪುಯೆಬ್ಲೊದಲ್ಲಿ ಸಿಕ್ಕಿತು. ಖಾಲಿ ತೂಕ ಒಂದೂವರೆ ಟನ್ನಿನೊಳಗೆ.

ಖಾಲಿ ತೂಕ ನಂಬಿ ಕೂರುವಂತಿಲ್ಲ. 150 ಲೀಟರ್ ನೀರು ತುಂಬಿದರೆ 150 ಕೆ.ಜಿ. ಸೇರಿತು, ಕಾಕುವಿನ ಪಾತ್ರೆ-ಪಡಗ ಬೇರೆ. ಒಟ್ಟು ತೂಕದ ಶೇ 10ರಿಂದ 15 ಭಾಗ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಅದು ಪ್ರಾಣಕ್ಕೇ ಅಪಾಯ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಕೊಂಡಿಯ ಆ ಭಾರ ಟ್ರಕ್ಕಿನಲ್ಲಿ ಕೂತವರ, ಸಾಮಾನಿನ ಲೆಕ್ಕಕ್ಕೇ ಸೇರುತ್ತದೆ.

ಪುಯೆಬ್ಲೊದಿಂದ ಮನೆಗೆ 180 ಕಿ.ಮೀ. ಎಳೆದು ತಂದಾಗ ಯೂನಿಟ್‌ಗೆ 2.6 ಕಿ.ಮೀ. ಬಂತು. ಮೋಆಬ್‌ನಲ್ಲಿ 50 ಆಂಪಿಯರ್ ಪ್ಲಗ್ ಇರುವ ಕ್ಯಾಂಪಿನ ಜಾಗವನ್ನೇ ಕಾದಿರಿಸಿದ್ದೇವೆ. 30 ಆಂಪಿಯರಿನದಾದರೆ ಅಲ್ಲಿ 120 ವೋಲ್ಟ್ ಮಾತ್ರ, ಟ್ರಕ್ ತುಂಬುವ ಹೊತ್ತಿಗೆ ರಜೆ ಮುಗಿಯುತ್ತದೆ. 50ರಲ್ಲಿ 240 ವೋಲ್ಟ್ ಸಿಗುವುದರಿಂದ ಗಂಟೆಗೆ 7 ಯೂನಿಟ್‌ನಂತೆ ರಾತ್ರಿ ಹತ್ತು ಗಂಟೆಯಲ್ಲಿ 70 ಯೂನಿಟ್ ಸೇರುತ್ತದೆ. ಟ್ರಕ್ ಚಾರ್ಜ್ ಮಾಡಬಹುದೇ ಎಂದು ಫೋನ್ ಮಾಡಿ ಕೇಳಿಯೂ ಆಯಿತು. ಅಜ್ಜಿ ಈಗ ದಿನಕ್ಕೆರಡು ಸಲ ಟ್ರೇಲರ್ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದಾಳೆ. ಮುಂದಿನ ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ.