ಬಳಚಿನ ನದಿಯಿಂದ ಬಂದರಿನ ಪಟ್ಟಣಕ್ಕೆ

ಗೋಕರ್ಣಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಎರಡನ್ನು ಹೊಗಳುತ್ತಾರೆ: ಮಹಾಬಲೇಶ್ವರನ ಸನ್ನಿಧಿಯನ್ನು ಮತ್ತು ಓಂಕಾರದ ಆಕೃತಿಯ ಕಡಲದಂಡೆಯನ್ನು. ಅವೆರಡನ್ನೂ ದಾಟಿ ದಕ್ಷಿಣಕ್ಕೆ ನಡೆದರೆ ನೆಲ ಮುಗಿದು ಅಘನಾಶಿನಿ ನದಿ ಎದುರಾಗುತ್ತದೆಂಬುದು ಬಹುಮಂದಿಯ ಗಮನಕ್ಕೆ ಬಾರದು. ಡಿಸೆಂಬರಿನಲ್ಲಿ ನಾವು ಮೂವರು ಹೆಗಲಿಗೆ ಗುಡಾರವನ್ನೇರಿಸಿಕೊಂಡು ಹೊರಟದ್ದು ಆ ನದಿಯ ಅಳಿವೆಯನ್ನು ನೋಡಲೆಂದೇ. ಅನಂತರ ಮಂಗಳೂರಿನ ಮಿತ್ರರ ಮನೆಯಲ್ಲಿ ಎರಡು ದಿನ ತಂಗುವುದೆಂದು ನಿಶ್ಚಯವಾಗಿತ್ತು.

ಕುಡ್ಲೆಯ ದಂಡೆಯಿಂದ ಓಂ ದಂಡೆಗೆ, ಅಲ್ಲಿಂದ ಮುಂದಿನ ಸಣ್ಣ ಕೊಲ್ಲಿಗಳಿಗೆ ಕಾಲುದಾರಿಯುಂಟು. ಒಂದು ಬದಿಗೆ ಕೆಂಪು ಜಂಬಿಟ್ಟಿಗೆಯ ಗುಡ್ಡ, ಇನ್ನೊಂದು ಬದಿಗೆ ಕೆಳಗೆ ಬಂಡೆಗೆ ಬಡಿಯುವ ಅಲೆ. ಬೆನ್ನ ಮೇಲೆ ಹೊರೆಯಿದ್ದವನಿಗೆ ಸೃಷ್ಟಿಸೌಂದರ್ಯಕ್ಕಿಂತ ಕಾಲಿಡುವ ಕಲ್ಲೇ ಮುಖ್ಯವಾಗುತ್ತದೆ. ಆದುದರಿಂದ ಆ ವರ್ಣನೆಯನ್ನು ಇಲ್ಲಿಗೆ ಬಿಡುತ್ತೇನೆ.

ಸಂಜೆಗೆ ಬೇಲೆಕಾನಿನ ಕಡೆ ತೆಂಗಿನ ತೋಟವೊಂದರ ಯಜಮಾನರ ಅನುಮತಿ ಪಡೆದು ಬೀಡುಬಿಟ್ಟೆವು. ಮುದುಕರು ನಮ್ಮನ್ನು ಕೈಹಿಡಿದೆಂಬಂತೆ ಮರಳಿನ ಮೇಲಕ್ಕೆ ಕರೆದೊಯ್ದು, ಒಣಗಿದ ಪಾಚಿ, ಕಪ್ಪೆಚಿಪ್ಪು, ಹರಕು ಚಪ್ಪಲಿಗಳು ಸಾಲಾಗಿ ಬಿದ್ದಿದ್ದ ಒಂದು ಗೆರೆಯನ್ನು ತೋರಿಸಿದರು. “ನಿನ್ನೆ ನೀರು ಇಲ್ಲಿವರೆಗೆ ಬಂದಿತ್ತು. ಇವತ್ತು ಅಮಾಸೆ. ಇನ್ನೂ ಮೇಲೆ ಬರ್ತದೆ. ತೋಟದೊಳಗೇ ಮಲಗಿ, ತಮಾ” ಎಂದರು.

ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಆದಕಾರಣ ನೀರೇರುವ ಹೊತ್ತು ದಿನದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ನೇರದಲ್ಲಿ ಕೂಡಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಸಂಗತಿ ಆ ಮುದುಕರಿಗೆ ತಿಥಿಯ ಲೆಕ್ಕದಲ್ಲಿಯೇ ಸಿದ್ಧವಾಗಿತ್ತು. ನಡುರಾತ್ರಿಗೆ ಮುನ್ನ ಎದ್ದು ನೋಡಿದಾಗ ಚಪ್ಪಲಿಗಳ ಸಾಲು ಅಲ್ಲಿರಲಿಲ್ಲ. ಆ ಜಾಗದ ಮೇಲೆ ನೊರೆ ಹರಿದಾಡುತ್ತಿತ್ತು.

ಏರಿದ ನೀರು ಬೆಳಗಿನ ಜಾವಕ್ಕೆ ಅಷ್ಟೇ ದೂರ ಹಿಂದೆ ಸರಿದಿರುತ್ತದೆ. ಅದನ್ನು ನೋಡಲೆಂದು ಕತ್ತಲಿರುವಾಗಲೇ ಗುಡಾರ ಬಿಚ್ಚಿ ತದಡಿಗೆ ಬಂದೆವು. ಹಿಂದಿನ ಸಂಜೆ ಗುಡ್ಡದಿಂದ ಅಗಲವಾದ ಸರೋವರದಂತೆ ಕಂಡಿದ್ದ ಅಳಿವೆಯಲ್ಲಿ ಈಗ ಕೆಸರಿನ ದಿಬ್ಬಗಳು ಬೆನ್ನೆತ್ತಿ ಮಲಗಿದ್ದವು. ಅವುಗಳ ಮೇಲೆಲ್ಲ ಹೆಂಗಸರು! ಕೆಲವರು ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದ ಕೆಸರನ್ನು ತಡವಿ, ಬಾಗಿ, ಬಳಚನ್ನು ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಬಳಚೆಂದರೆ ಎರಡು ಚಿಪ್ಪುಗಳ ನಡುವೆ ಬಾಳುವ ಮೃದುದೇಹಿ. ಸಿಹಿನೀರೂ ಉಪ್ಪುನೀರೂ ಹದವಾಗಿ ಬೆರೆತಲ್ಲಿ ಮಾತ್ರ ಸಮೃದ್ಧಿಯಾಗಿ ಬೆಳೆಯುತ್ತದೆ.

ದಡಕ್ಕೆ ಬಂದ ಒಬ್ಬಾಕೆಯನ್ನು ಮಾತನಾಡಿಸಿದೆವು. ಅಂಗೈಗಳಲ್ಲಿ ಚಿಪ್ಪು ಕೊಯ್ದ ಗೀರುಗಳು. “ನೀರು ಇಳಿದಷ್ಟು ಹೊತ್ತೇ ನಮ್ಮ ದುಡಿಮೆ. ಮೊದಲಿನಷ್ಟು ಸಿಗೂದಿಲ್ಲ. ಸಿಕ್ಕದ ದಿನ ಒಲೆಗೆ ರಜೆ” ಎಂದು ನಕ್ಕಳು. ನಮಗೆ ನಗು ಬರಲಿಲ್ಲ.

ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ ಬರುವ ಅಘನಾಶಿನಿಗೆ ದಾರಿಯಲ್ಲಿ ದೊಡ್ಡ ಅಣೆಕಟ್ಟೆಯಿಲ್ಲ. ಮಳೆಗಾಲದ ಸಿಹಿನೀರು, ಬೇಸಗೆಯ ಉಪ್ಪುನೀರು ತಮ್ಮ ತಮ್ಮ ಕಾಲಕ್ಕೆ ಬಂದು ಹೋಗುತ್ತವೆ. ಇದನ್ನೇ ನಂಬಿ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನು ಸಹಿಸುವ ತಳಿಯದು. ಇದನ್ನೇ ನಂಬಿ ಸಾಣಿಕಟ್ಟೆಯಲ್ಲಿ ಉಪ್ಪು ಕಟ್ಟುತ್ತದೆ. ಇಲ್ಲಿ ಬೃಹತ್ ಬಂದರನ್ನೂ ವಿದ್ಯುತ್ ಸ್ಥಾವರವನ್ನೂ ಕಟ್ಟುವ ಪ್ರಸ್ತಾಪಗಳು ಹಿಂದೆ ಬಂದಿದ್ದವು. 2024ರಲ್ಲಿ 4,801 ಹೆಕ್ಟೇರು ವಿಸ್ತಾರದ ಈ ಅಳಿವೆ ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಬಳಚು ಬೆಳೆಯುವುದಿಲ್ಲ ನಿಜ. ಆದರೆ ಕಾಗದದ ಮೇಲಾದರೂ ಆ ಬುಟ್ಟಿಗಳಿಗೆ ಒಂದು ಆಸರೆ ದೊರೆತಂತಾಯಿತು.

ದೋಣಿಯಲ್ಲಿ ಹೊಳೆ ದಾಟಿ ಕುಮಟೆಗೆ ಬಂದು ಮಂಗಳೂರಿನ ರೈಲು ಹತ್ತಿದೆವು. ಹೊನ್ನಾವರದ ಶರಾವತಿ ಸೇತುವೆ 2 ಕಿಲೋಮೀಟರಿಗೂ ಉದ್ದ; ಕೊಂಕಣ ರೈಲುದಾರಿಯಲ್ಲಿ ಅದಕ್ಕಿಂತ ಉದ್ದನೆಯ ಸೇತುವೆಯಿಲ್ಲ. ಆಮೇಲೆ ನಿದ್ದೆ.

ಮಿತ್ರರ ಮನೆ ಜೆಪ್ಪುವಿನ ಹಳೆಯ ಹೆಂಚಿನ ಮನೆ. ಮರಳಿನ ಹಾಸಿಗೆಯ ಮೇಲೆ ಮಲಗಿ ಬಂದವರಿಗೆ ಆ ತಂಪು ಜಗಲಿಯೇ ಅರಮನೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಇದೇ ಬಡಾವಣೆಯಲ್ಲಿ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಯೇ ಹೆಂಚಾಗಿ ದೇಶವಿದೇಶಗಳ ಮನೆಗಳನ್ನು ಹೊದಿಸಿತು. ಅಂದರೆ ಮಂಗಳೂರೂ ಅಳಿವೆಯ ಮಗಳೇ. ಆದರೆ ಇಂದು ನಗರಕ್ಕೆ ಕುಡಿಯುವ ನೀರು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಟ್ಟೆಯಿಂದ ಬರುತ್ತದೆ. ಹಡಗುಗಳು ಹಳೆಯ ಬಂದರನ್ನು ಬಿಟ್ಟು ಪಣಂಬೂರಿಗೆ ಹೋಗುತ್ತವೆ. ಲಕ್ಷಾಂತರ ಜನ ಬಾಳುವ ಊರಿಗೆ ನೀರೂ ಬೇಕು, ಬಂದರೂ ಬೇಕು. ಅದನ್ನು ಕುಡಿದು, ಅಲ್ಲಿಳಿದ ಸಾಮಾನನ್ನು ಬಳಸುವ ನಾವು ಮೂಗು ಮುರಿಯುವುದು ಸಲ್ಲದು.

ಮರುದಿನ ಮಿತ್ರರೊಡನೆ ಮೀನಿನ ಪೇಟೆಗೆ ಹೋದೆವು. ಒಂದು ಮೂಲೆಯಲ್ಲಿ ನಮ್ಮ ಪರಿಚಿತ ಚಿಪ್ಪುಗಳ ರಾಶಿ! ಇಲ್ಲಿ ಅದರ ಹೆಸರು ಮರುವಾಯಿ, ಕೊಂಕಣಿಯವರಿಗೆ ಖುಬ್ಬೆ. ಎಲ್ಲಿಯದೆಂದು ಕೇಳಿದ್ದಕ್ಕೆ ಮಾರುವಾಕೆ “ಕುಮಟದ್ದು” ಎಂದಳು. ಮಿತ್ರರು ಚೌಕಾಸಿಗೆ ತೊಡಗಿದರು. ನಮ್ಮಲ್ಲೊಬ್ಬ ಮೆಲ್ಲನೆ ಅವರ ತೋಳು ಹಿಡಿದು ಕೇಳಿದಷ್ಟೇ ಕೊಡಿಸಿದ.

ಮಧ್ಯಾಹ್ನ ಅವರ ತಾಯಿಯವರು ತೆಂಗಿನಕಾಯಿ ಅರೆದು ಮರುವಾಯಿ ಪುಂಡಿ ಮಾಡಿ ಬಡಿಸಿದರು. “ಹೊಟ್ಟೆ ತುಂಬ ತಿನ್ನಿ ಮಾರಾಯ್ರೆ, ಸಂಕೋಚ ಬೇಡ” ಎಂಬ ಉಪಚಾರ ಬೇರೆ. ಬೆಳಗಿನ ಆ ಕೆಸರಿನ ದಿಬ್ಬಗಳ ಕಥೆ ಹೇಳಿದಾಗ ಅವರು ಸೌಟನ್ನು ಹಿಡಿದೇ ಕುಳಿತರು. ಸಣ್ಣವರಿದ್ದಾಗ ಗುರುಪುರ ಹೊಳೆಯಲ್ಲಿ ತಾವೂ ಅಜ್ಜಿಯ ಜೊತೆ ಇಳಿತದ ಹೊತ್ತಿಗೆ ಇಳಿದು, ಲಂಗವನ್ನು ಮೇಲೆ ಕಟ್ಟಿ ಮರುವಾಯಿ ಹೆಕ್ಕುತ್ತಿದ್ದರಂತೆ. ಮಗನಿಗೆ ಇದು ಹೊಸ ಸುದ್ದಿ. “ಯಾವ ಜಾಗದಲ್ಲಮ್ಮ?” ಎಂದು ಅವರು ಕೇಳಿದರು. ಸಂಜೆ ಬಿಸಿಲು ಇಳಿದ ಮೇಲೆ ಆ ಜಾಗವನ್ನು ತೋರಿಸಲು ತಾಯಿಯವರೇ ಮುಂದಾಗಿ ಹೊರಟರು, ನಾವು ಹಿಂಬಾಲಿಸಿದೆವು.